ಸಡಿಲು ಗಂಟಿನ ಬೀಜಗಳು

ಬನದ ಹುಣ್ಣಿಮೆಗೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೊರಡುವ ಯಾತ್ರಿಕನು ಬುತ್ತಿಯ ಗಂಟನ್ನು ಬಿಗಿದು ಕಟ್ಟುವನು. ಗಂಟು ಸಡಿಲಾದರೆ ಏರಿನಲ್ಲಿಯೇ ಬಿಚ್ಚಿಕೊಂಡು ರೊಟ್ಟಿ ಒಂದೆಡೆ, ಹಿಂಡಿ ಒಂದೆಡೆ ಆಗುವುದು. ಪರಮಾಣುವಿನ ಗರ್ಭದಲ್ಲಿಯೂ ಇಂಥ ಏರು, ಇಂಥ ಗಂಟು ಉಂಟೆಂಬುದು ವಿಜ್ಞಾನಿಗಳ ಮಾತು.

ಎರಡು ಪರಮಾಣು ಬೀಜಗಳು ಕೂಡಿ ಒಂದಾಗುವುದಕ್ಕೆ ಸಮ್ಮಿಲನವೆಂದು ಹೆಸರು. ಎರಡರಲ್ಲಿಯೂ ಧನವಿದ್ಯುತ್ತು ಇರುವುದರಿಂದ ಅವು ಒಂದನ್ನೊಂದು ದೂಡುವವು. ಆ ದೂಡುವಿಕೆಯೇ ಏರು. ಅದನ್ನು ದಾಟಿ ಅತಿ ಸಮೀಪಕ್ಕೆ ಬಂದಾಗ ಬೈಜಿಕ ಆಕರ್ಷಣೆಯು ಎರಡನ್ನೂ ಬಿಗಿದಪ್ಪುವುದು. ಸಾಮಾನ್ಯವಾದ ಬೀಜದಿಂದ ಒಂದು ಕಣವನ್ನು ಕೀಳಲು ಸುಮಾರು 8 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಲಿಥಿಯಂ-6 ಎಂಬುದಾದರೋ ಕೇವಲ 1.47ಕ್ಕೆ ಆಲ್ಫಾ ಮತ್ತು ಡ್ಯೂಟರಾನ್ ಎಂದು ಇಬ್ಭಾಗವಾಗುವುದು, ಲಿಥಿಯಂ-7ಕ್ಕೆ 2.47 ಸಾಕು, ಅದು ಆಲ್ಫಾ ಮತ್ತು ಟ್ರೈಟಾನ್ ಆಗುವುದು.

ಇಂಥ ಸಡಿಲು ಬೀಜವು ಭಾರವಾದ ಬೀಜದತ್ತ ಧಾವಿಸಿದರೆ ಏನಾದೀತು? ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ ಬೆರಿಲಿಯಂ-9ನ್ನು ಸೀಸ-208ರ ಮೇಲೆ ಹಾಯಿಸಿ ನಡೆಸಿದ ಪ್ರಯೋಗವು 1999ರಲ್ಲಿ ಪ್ರಕಟವಾಯಿತು. ಏರನ್ನು ದಾಟುವಷ್ಟು ಶಕ್ತಿಯಿದ್ದರೂ ಪೂರ್ಣ ಸಮ್ಮಿಲನವು ನಿರೀಕ್ಷೆಯ ಶೇಕಡಾ 68ರಷ್ಟೇ ಆಗಿದ್ದಿತು. ನಮ್ಮ ದೇಶದ ಮುಂಬಯಿಯ ಪೆಲೆಟ್ರಾನ್ ಯಂತ್ರದಿಂದ ಲಿಥಿಯಂ-6ನ್ನು ಸಮೇರಿಯಂ-144ರ ಮೇಲೆ ಹಾಯಿಸಿದ ಪ್ರಯೋಗವೂ 2009ರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಿನ ಕೊರತೆಯನ್ನೇ ತೋರಿತು. ಕೊರತೆಯ ಆ ಪಾಲು ಎಲ್ಲಿಗೂ ಮಾಯವಾಗಿರಲಿಲ್ಲ. ಗಂಟಿನ ಒಂದು ತುಂಡು ಒಳಸೇರಿ ಇನ್ನೊಂದು ಹೊರಗೇ ಉಳಿದಿದ್ದಿತು. ಇದು ಅಪೂರ್ಣ ಸಮ್ಮಿಲನ. ಲೋಪಸಂಧಿಯಲ್ಲಿ ಬಿಟ್ಟುಹೋದ ಸ್ವರವನ್ನು ಅರಿಯದವನು ಕೂಡಿದ ಪದವನ್ನು ಬಿಡಿಸಲಾರನು. ಇಲ್ಲಿಯೂ ಹೊರಗುಳಿದುದನ್ನು ಎಣಿಸದೆ ಒಳಹೊಕ್ಕುದು ತಿಳಿಯದು.

ಸಡಿಲು ಬೀಜವು ಏರಿನಲ್ಲಿಯೇ ಒಡೆದುದರಿಂದ ಕೂಟ ಕೆಟ್ಟಿತೆಂದು ಬಹುಕಾಲ ಬಗೆಯಲಾಗಿತ್ತು. ತಪ್ಪೆಲ್ಲವೂ ದುರ್ಬಲನದೇ ಎಂಬ ನಿರ್ಣಯಕ್ಕೆ ಇದು ಒಪ್ಪುವ ಮಾತು. ಆದರೆ ಕ್ಯಾನ್‌ಬೆರಾದವರೇ ಲಿಥಿಯಂ-7ನ್ನು ಬಿಸ್ಮತ್-209ರ ಮೇಲೆ ಹಾಯಿಸಿ, ಹೊರಬಿದ್ದ ತುಣುಕುಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿ 2019ರಲ್ಲಿ ಬೇರೊಂದು ಸಂಗತಿಯನ್ನು ತಿಳಿಸಿದರು. ಅಲ್ಲಿ ಬಹುಪಾಲು ಬೀಜ ಮೊದಲೇ ಒಡೆದು ಆಮೇಲೆ ತುಂಡು ಸೇರುವುದಿಲ್ಲ. ಭಾರವಾದ ಬೀಜವೇ ತನಗೆ ಬೇಕಾದ ಟ್ರೈಟಾನನ್ನು ನೇರವಾಗಿ ಸೆಳೆದುಕೊಳ್ಳುವುದು, ಉಳಿದ ಆಲ್ಫಾ ಕಣ ತನ್ನ ದಾರಿ ಹಿಡಿಯುವುದು. ಒಡಕಿನಲ್ಲಿ ಸೆಳೆದವನ ಪಾಲೂ ಉಂಟು.

ಹಳ್ಳಿಯಿಂದ ಪಟ್ಟಣಕ್ಕೆ ಓದಲೆಂದು ಹೋದ ಬಾಲಕನು ನಡುವೆಯೇ ಹಿಂದಿರುಗಿದರೆ ಅವನ ಗಂಟೇ ಸಡಿಲೆಂದು ಊರು ನುಡಿಯುವುದು. ಪಟ್ಟಣವು ಅವನ ತೋಳಿನ ದುಡಿಮೆಯನ್ನಷ್ಟೇ ತೆಗೆದುಕೊಂಡು, ಅವನ ನುಡಿಯನ್ನೂ ನಡೆಯನ್ನೂ ಹೊರಗೆ ನಿಲ್ಲಿಸಿತೋ ಎಂದು ಯಾರೂ ಕೇಳರು. ಮಕ್ಕಳ ಗಂಟನ್ನು ಬಿಗಿದು ಕಟ್ಟುವುದು ಗುರುಮನೆಯ ಕಾಯಕ, ಅದರಲ್ಲಿ ಸಂದೇಹವಿಲ್ಲ. ಆದರೆ ಬಂದವನನ್ನು ಇಡಿಯಾಗಿ ಒಳಗೊಳ್ಳುವುದು ಬರಮಾಡಿಕೊಂಡವರ ಕಾಯಕ. ಎರಡೂ ನಡೆದಾಗಲೇ ಕೂಟವು ಪೂರ್ಣವಾಗುವುದು.