ಕೀ ಕೊಡುವ ವಾಚು

ಡ್ರೆಸ್ ವಾಚ್ ಎಂಬುದಕ್ಕೆ ಕನ್ನಡದಲ್ಲಿ ಬೇರೆ ಹೆಸರಿಲ್ಲ. ಮದುವೆಗೆ ಕಟ್ಟಿಕೊಂಡು ಹೋಗುವ ವಾಚು ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ: ತೆಳ್ಳಗಿರಬೇಕು, ಅಂಗಿಯ ತೋಳಿನೊಳಗೆ ಸರಿಯಬೇಕು, ಚರ್ಮದ ಪಟ್ಟಿ ಇರಬೇಕು, ಮುಖದ ಮೇಲೆ ಗಲಾಟೆ ಇರಬಾರದು. ಅಪ್ಪನಿಗೆ ಬೇಕಿದ್ದುದು ಅಂಥದೇ. ಜೊತೆಗೆ ಒಂದು ಷರತ್ತು: "ಬ್ಯಾಟರಿಯದು ಬೇಡಮ್ಮ. ಕಿವಿಗೆ ಹಿಡಿದರೆ ಸದ್ದು ಕೇಳಬೇಕು."

ಎರಡು ವರ್ಷದ ಹಿಂದೆ ಸ್ಟ್ರೋಕ್ ಆದಮೇಲೆ ಅಪ್ಪ ಪುಣೆಯಲ್ಲಿ ನನ್ನ ಜೊತೆಗಿದ್ದಾರೆ. ನಡೆಯುತ್ತಾರೆ, ಪೇಪರ್ ಓದುತ್ತಾರೆ, ಸರ್ಕಾರವನ್ನು ಬಯ್ಯುತ್ತಾರೆ. ಎಡಗೈಗೆ ಮಾತ್ರ ಪೂರ್ತಿ ಶಕ್ತಿ ಮರಳಿಲ್ಲ. ವಾಚು ಕಟ್ಟುವುದು ಆ ಕೈಗೇ. ಬಲಗೈಗೆ ಕಟ್ಟಿ ಎಂದರೆ ಕೇಳುವವರಲ್ಲ.

ಕೊನೆಗೆ ಉಳಿದದ್ದು ಎರಡು. ಒಂದು ಜಪಾನಿನ ಓರಿಯಂಟ್ ಬಂಬಿನೊ. ಇನ್ನೊಂದು ನಮ್ಮ ಎಚ್‌ಎಂಟಿ ಜನತಾ. ಕಾಗದದ ಮೇಲೆ ಇದು ಸ್ಪರ್ಧೆಯೇ ಅಲ್ಲ. ಬಂಬಿನೊದ ಗಾಜು ಗುಮ್ಮಟದಂತೆ ಉಬ್ಬಿ ಚೆಲುವಾಗಿದೆ. 22 ಜುವೆಲ್, ಗಂಟೆಗೆ 21,600 ಬಡಿತ, ಒಮ್ಮೆ ತುಂಬಿದರೆ 40 ಗಂಟೆ ಓಟ, ಅದರ ಮೇಲೆ ಆಟೊಮ್ಯಾಟಿಕ್. ಜನತಾದ್ದು 17 ಜುವೆಲ್, 18,000 ಬಡಿತ, ಪ್ಲಾಸ್ಟಿಕ್ ಗಾಜು, ದಿನಾ ಕೈಯಾರೆ ತಿರುಗಿಸುವ ಕೆಲಸ. ಎಚ್‌ಎಂಟಿ 1961ರಲ್ಲಿ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿತು; ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿದ್ದು 2016ರಲ್ಲಿ. ಜನತಾ ಗೆಲ್ಲುವುದು ದಪ್ಪದಲ್ಲಿ ಮಾತ್ರ. ಬಂಬಿನೊ ಸುಮಾರು 12 ಮಿಲಿಮೀಟರ್ ದಪ್ಪ, ತೋಳಿನ ಗುಂಡಿ ಹಾಕುವಾಗ ತಡೆಯುತ್ತದೆ.

ಗೆಳತಿಯೊಬ್ಬಳು ತನ್ನ ಗಂಡನ ಬಂಬಿನೊವನ್ನು ನಾಲ್ಕು ದಿನಕ್ಕೆ ಕೊಟ್ಟಳು. ಕೀ ಕೊಟ್ಟು ಅಪ್ಪನ ಕೈಗೆ ಕಟ್ಟಿದೆ. ಮೂರನೆಯ ಬೆಳಿಗ್ಗೆ ಅದು ನಿಂತಿತ್ತು. ಕೆಟ್ಟಿರಲಿಲ್ಲ. ಆಟೊಮ್ಯಾಟಿಕ್ ವಾಚಿನೊಳಗೆ ಅರ್ಧಚಂದ್ರದಂಥ ಲೋಹದ ತೂಕವೊಂದಿರುತ್ತದೆ. ಕೈ ಬೀಸಿದಂತೆಲ್ಲ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ಅಪ್ಪನ ಎಡಗೈ ನಡೆಯುವಾಗಲೂ ಹೊಟ್ಟೆಗೆ ಅಂಟಿಕೊಂಡೇ ಇರುತ್ತದೆ. ಕೈ ಎಷ್ಟು ಅಲ್ಲಾಡುತ್ತಿದೆ ಎಂದು ಫಿಸಿಯೋಥೆರಪಿಯವರು ವಾರವಾರ ಬರೆದಿಡುತ್ತಿದ್ದುದನ್ನು ಆ ವಾಚು ಒಂದೇ ಸಲಕ್ಕೆ ಹೇಳಿಬಿಟ್ಟಿತು. ನನಗೆ ಬೇಜಾರಾಯಿತು. ಅಪ್ಪ ಏನೂ ಅನ್ನಲಿಲ್ಲ, ಬಿಚ್ಚಿ ಮೇಜಿನ ಮೇಲಿಟ್ಟರು.

ಬಂಬಿನೊಗೂ ಕೈಯಿಂದ ಕೀ ಕೊಡಬಹುದಲ್ಲ ಎನ್ನಬಹುದು. ಕೊಡಬಹುದು. ಆದರೆ ಆಟೊಮ್ಯಾಟಿಕ್ ವಾಚಿನಲ್ಲಿ ಸ್ಪ್ರಿಂಗಿನ ಹೊರತುದಿಯನ್ನು ಬಿಗಿಯಾಗಿ ಸಿಕ್ಕಿಸಿರುವುದಿಲ್ಲ. ತುಂಬಿದ ಮೇಲೆ ಅದು ಡಬ್ಬಿಯ ಗೋಡೆಗುಂಟ ಜಾರುತ್ತದೆ. ಇಲ್ಲದಿದ್ದರೆ ದಿನವಿಡೀ ಬೀಸುವ ಕೈಗೆ ಸ್ಪ್ರಿಂಗು ಉಳಿಯುತ್ತಿರಲಿಲ್ಲ. ಹಾಗಾಗಿ ಎಷ್ಟು ತಿರುಗಿಸಿದರೂ ಕೊನೆ ಎಂಬುದು ಬೆರಳಿಗೆ ಸಿಗುವುದಿಲ್ಲ. ಜನತಾದಲ್ಲಿ ಆ ತುದಿ ಕೊಕ್ಕೆಗೆ ಸಿಕ್ಕಿಕೊಂಡಿರುತ್ತದೆ. ಇಪ್ಪತ್ತೈದು ಮೂವತ್ತು ಸುತ್ತಾಗುವ ಹೊತ್ತಿಗೆ ಬಿಗಿಯಾಗುತ್ತಾ ಬಂದು ನಿಲ್ಲುತ್ತದೆ. ಸ್ಪರ್ಶ ಮಂಕಾದ ಬೆರಳಿಗೂ ಅದು ತಿಳಿಯುತ್ತದೆ. ಕೀ ಕೊಡುವಾಗ ವಾಚನ್ನು ಬಿಚ್ಚಿ, ಎಡಗೈಯ ಹೆಬ್ಬೆರಳು ತೋರುಬೆರಳ ನಡುವೆ ಹಿಡಿಯಬೇಕು. ಬಟ್ಟೆ ಕ್ಲಿಪ್ಪು ಹಿಡಿಸಿ ಫಿಸಿಯೋಥೆರಪಿಯವರು ಮಾಡಿಸುತ್ತಿದ್ದುದೂ ಇದೇ ಹಿಡಿತ. ಆ ಕ್ಲಿಪ್ಪುಗಳನ್ನು ಕಂಡರೆ ಅಪ್ಪನಿಗೆ ಆಗುವುದಿಲ್ಲ.

ಅಂದಹಾಗೆ, ಕೈಗಡಿಯಾರಕ್ಕೆ ಕೀಲಿಕೈ ಎಲ್ಲಿದೆ? ಗೋಡೆ ಗಡಿಯಾರಕ್ಕೆ ನಿಜವಾದ ಕೀ ಇತ್ತು, ಅದು ಹೋದಮೇಲೂ ಮಾತು ಉಳಿಯಿತು. ಯಾರಾದರೂ ಇದ್ದಕ್ಕಿದ್ದಂತೆ ಹಾರಾಡಿದರೆ, ಇವನಿಗೆ ಯಾರೋ ಕೀ ಕೊಟ್ಟಿದ್ದಾರೆ ಎನ್ನುತ್ತೇವೆ. ನಮ್ಮ ಪೇಟೆಯ ರಿಪೇರಿ ಕಾಕಾ ಮರಾಠಿಯಲ್ಲಿ 'ಚಾವಿ' ಕೊಡುತ್ತಾರೆ, ಅಷ್ಟೇ ವ್ಯತ್ಯಾಸ.

ಆ ಕಾಕಾ ಇಲ್ಲದಿದ್ದರೆ ಜನತಾ ಕೊಳ್ಳುವ ಧೈರ್ಯ ಬರುತ್ತಿರಲಿಲ್ಲ. ಆನ್‌ಲೈನಿನಲ್ಲಿ ಸಿಗುವ ಹಳೆಯ ಜನತಾಗಳಲ್ಲಿ ಬಹಳಷ್ಟಕ್ಕೆ ಡಯಲ್ಲಿಗೆ ಮರುಬಣ್ಣ ಬಳಿದಿರುತ್ತಾರೆ. ನವಿಲುನೀಲಿ, ರಾಣಿ ಗುಲಾಬಿ, ಅಕ್ಷರಗಳು ಒಂದಿಷ್ಟು ಸೊಟ್ಟ. ಮುಳ್ಳು ಒಂದರದು, ಕೇಸು ಇನ್ನೊಂದರದು. ಕಾಕಾ ಭೂತಗನ್ನಡಿ ಸಿಕ್ಕಿಸಿಕೊಂಡು ನಾನು ತೋರಿಸಿದ ಮೂರನ್ನು ತಳ್ಳಿಹಾಕಿದರು. ನಾಲ್ಕನೆಯದು ಬಿಳಿ ಡಯಲ್ಲಿನದು, ಅಂಚಿನಲ್ಲಿ ಹಳದಿಗೆ ತಿರುಗಿತ್ತು. ಹಿಂಬದಿ ಬಿಚ್ಚಿ ನೋಡಿ, ಇದು ಇದ್ದ ಹಾಗೇ ಇದೆ, ತಗೋ ಎಂದರು. ಅವರೇ ಬಿಚ್ಚಿ ತೊಳೆದು ಎಣ್ಣೆ ಹಾಕಿಕೊಟ್ಟರು. ಎಲ್ಲ ಸೇರಿದರೂ ಬಂಬಿನೊದ ಅರ್ಧ ಬೆಲೆಯೂ ಆಗಲಿಲ್ಲ.

ದಿನಕ್ಕೆ ಒಂದು ನಿಮಿಷ ಮುಂದೆ ಹೋಗುತ್ತದೆ. ಮೊದಮೊದಲು ಎಂಟು ಹತ್ತು ಸುತ್ತಿಗೇ ವಾಚು ಎಡಗೈಯಿಂದ ಜಾರುತ್ತಿತ್ತು, ಅದಕ್ಕೇ ಹಾಸಿಗೆಯ ಮೇಲೆ ಕೂತು ಕೀ ಕೊಡುತ್ತಿದ್ದರು. ಈಗ ಕುರ್ಚಿಗೆ ಬಂದಿದ್ದಾರೆ. ಮದುವೆಗೆಂದು ಕಂದು ಬಣ್ಣದ ಚರ್ಮದ ಪಟ್ಟಿ ಹಾಕಿಸಿದೆ. ಕೊನೆಯ ತೂತಿಗೆ ಹಾಕಿದರೂ ಸಡಿಲವಾಗುತ್ತಿತ್ತು, ಕಾಕಾ ಇನ್ನೂ ಎರಡು ತೂತು ಕೊರೆದುಕೊಟ್ಟರು.