ಕುಟ್ಟಿಚಿರದ ಅಂಗಳದಲ್ಲಿ ಮೈಲಾಂಜಿ ರಾತ್ರಿ

ಕಲ್ಲಿಕೋಟೆಯ ರೈಲು ನಿಲ್ದಾಣದಿಂದ ಸಮುದ್ರದ ಕಡೆಗೆ ಆಟೋದಲ್ಲಿ ಸ್ವಲ್ಪ ದೂರ ಹೋದರೆ ಕುಟ್ಟಿಚಿರ ಸಿಗುತ್ತದೆ. ಚಿರ ಎಂದರೆ ಕೆರೆ. ಮುರಕಲ್ಲಿನ ಮೆಟ್ಟಿಲುಗಳಿರುವ ದೊಡ್ಡ ಕೆರೆ, ಅದರ ಸುತ್ತ ರಸ್ತೆ, ರಸ್ತೆಯಾಚೆ ಹಳೆಯ ಹೆಂಚಿನ ಮನೆಗಳು. ಸಂಜೆಯಾದರೆ ದಂಡೆಯ ಮೇಲೆ ವೃದ್ಧರು ಸಾಲಾಗಿ ಕುಳಿತು ಗಾಳಿ ಸೇವಿಸುತ್ತಾರೆ. ಕೆರೆಯ ಬಳಿಯಲ್ಲೇ ಮಿಶ್ಕಾಲ್ ಪಳ್ಳಿ ಇದೆ. ಮಿನಾರವಿಲ್ಲ, ಗುಂಬಜವಿಲ್ಲ. ಒಂದರ ಮೇಲೊಂದು ಇಳಿಜಾರು ಮಾಡುಗಳನ್ನು ಪೇರಿಸಿದಂತೆ ಕಾಣುವ, ಮರದ ಕೆತ್ತನೆಗಳಿಂದ ತುಂಬಿದ ಮಸೀದಿ. ನಾಖುದಾ ಮಿಶ್ಕಾಲ್ ಎಂಬ ಅರಬ್ ಹಡಗು ಮಾಲಕರು 14ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದರು. ಕಲ್ಲಿಕೋಟೆಗೆ ಬಂದಿದ್ದ ಇಬ್ನ್ ಬತೂತ ತನ್ನ ಪ್ರವಾಸ ಕಥನದಲ್ಲಿ ಈ ಶ್ರೀಮಂತ ವರ್ತಕನನ್ನು ಹೆಸರಿಸಿದ್ದಾನೆ. 1510ರಲ್ಲಿ ಪೋರ್ಚುಗೀಸರು ನಗರದ ಮೇಲೆ ದಾಳಿ ಮಾಡಿದಾಗ ಮಸೀದಿಗೆ ಬೆಂಕಿ ಇಟ್ಟರು. ಅಂದು ಸುಟ್ಟು ಕರಕಲಾದ ಮರದ ಭಾಗಗಳನ್ನು ಇಂದಿಗೂ ಮೇಲಂತಸ್ತಿನಲ್ಲಿ ಹಾಗೆಯೇ ಉಳಿಸಿಕೊಂಡಿದ್ದಾರೆ.

ನಾನು ಅಲ್ಲಿಗೆ ಹೋದದ್ದು ಮಾತ್ರ ಮಸೀದಿ ನೋಡಲಿಕ್ಕಲ್ಲ, ಮದುವೆ ಮನೆಗೆ. ಅರಬಿಕ್ ಕಾಲೇಜಿನಲ್ಲಿ ನನ್ನೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತು ಓದಿದ ಗೆಳತಿಯ ತರವಾಡು ಮನೆ ಕುಟ್ಟಿಚಿರದಲ್ಲಿದೆ. ಅವಳ ಮಗಳ ನಿಕಾಹ್ ನಿಶ್ಚಯವಾಗಿತ್ತು. ನಿಕಾಹ್‌ಗೆ ಇನ್ನೂ ಆರು ದಿನವಿರುವಾಗಲೇ ಗೆಳತಿಯ ಫೋನ್ ಬಂತು. "ಹುಡುಗಿಯರೊಳಗೆ ಒಂದು ಸಮಸ್ಯೆ. ನೀನು ದಿನಾ ಅಂಥ ಮಕ್ಕಳನ್ನು ನೋಡುವವಳು. ಸ್ವಲ್ಪ ಬೇಗ ಬಾ" ಎಂದಳು. ಶಾಲೆಗೆ ರಜೆಯಿತ್ತು. ಮಂಗಳೂರಿನಿಂದ ಕಲ್ಲಿಕೋಟೆಗೆ ಸುಮಾರು 220 ಕಿಲೋಮೀಟರ್. ಮುಂಜಾನೆಯ ರೈಲು ಹತ್ತಿದೆ. ಕಾಸರಗೋಡು, ಪಯ್ಯನ್ನೂರು, ಕಣ್ಣೂರು, ತಲಶ್ಶೇರಿ, ಮಾಹೆ, ವಡಗರ. ಒಂದರ ಹಿಂದೆ ಒಂದರಂತೆ ಹೊಳೆಗಳು, ತೆಂಗಿನ ತೋಟಗಳು. ಈ ದಾರಿಯಲ್ಲಿ ನಿದ್ದೆ ಮಾಡುವವರನ್ನು ಕಂಡರೆ ನನಗೆ ಆಶ್ಚರ್ಯವಾಗುತ್ತದೆ.

ಸಮಸ್ಯೆ ಏನೆಂದರೆ, ಮದುಮಗಳ ಗೆಳತಿಯರು 'ಬ್ಯಾಚಲರೆಟ್ ಪಾರ್ಟಿ' ಮಾಡಲು ಹೊರಟಿದ್ದರು. ನಮ್ಮ ಹಿರಿಯ ಓದುಗರಿಗೆ ಈ ಹೆಸರು ಹೊಸದಿರಬಹುದು. ಮದುವೆಗೆ ಮುನ್ನ ಮದುಮಗಳನ್ನು ಗೆಳತಿಯರು ಎಲ್ಲಾದರೂ ಕರೆದುಕೊಂಡು ಹೋಗಿ ಒಂದು ದಿನ ಸಂಭ್ರಮಿಸುವುದು ಪಾಶ್ಚಾತ್ಯರಲ್ಲಿ ರೂಢಿ. ಸಿನಿಮಾ ಮತ್ತು ಇನ್‌ಸ್ಟಾಗ್ರಾಮ್‌ನ ಮೂಲಕ ಅದು ನಮ್ಮ ಮಕ್ಕಳಿಗೂ ತಲುಪಿದೆ. ಈ ಹುಡುಗಿಯರ ಯೋಜನೆಯಲ್ಲಿ ಆಕ್ಷೇಪಿಸುವಂಥ ದೊಡ್ಡ ಸಂಗತಿಯೇನೂ ಇರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಕಡಲತೀರದ ಒಂದು ರಿಸಾರ್ಟ್, ಹನ್ನೊಂದು ಹುಡುಗಿಯರು, ಎಲ್ಲರಿಗೂ ಒಂದೇ ಬಣ್ಣದ ಉಡುಪು, ಮದುಮಗಳ ಹೆಗಲಿಗೆ 'ಬ್ರೈಡ್ ಟು ಬಿ' ಎಂದು ಬರೆದ ಪಟ್ಟಿ, ಕೇಕು, ಬಲೂನು, ಫೋಟೋ ತೆಗೆಯಲು ಒಬ್ಬಾಕೆ. ಸಂಜೆಗೆ ಮನೆಗೆ ವಾಪಸ್. ತಲೆಗೆ 2,500 ರೂಪಾಯಿ.

ತೊಡಕು ಈ ಕೊನೆಯ ಸಾಲಿನಲ್ಲಿತ್ತು. ಹನ್ನೊಂದು ಜನರಲ್ಲಿ ಒಬ್ಬಳು ಆಟೋ ಚಾಲಕರ ಮಗಳು. ಮದ್ರಸದ ಒಂದನೇ ತರಗತಿಯಿಂದ ಮದುಮಗಳ ಜೊತೆಗಾತಿ. ಹಣದ ಮಾತು ಬಂದ ದಿನ ಅವಳು ವಾಟ್ಸಾಪ್ ಗುಂಪಿನಲ್ಲಿ "ಅಂದು ನಾನು ಊರಲ್ಲಿರುವುದಿಲ್ಲ" ಎಂದು ಬರೆದು ಗುಂಪಿನಿಂದ ಹೊರಹೋಗಿದ್ದಳು. ಅವಳು ಎಲ್ಲಿಗೂ ಹೋಗುವವಳಲ್ಲ ಎಂಬುದು ಮದುಮಗಳಿಗೆ ಗೊತ್ತು. ಅಂದಿನಿಂದ ಇವಳಿಗೆ ಊಟ ಸೇರುತ್ತಿಲ್ಲ.

"ಅವಳ ಪಾಲನ್ನು ನಾವೇ ಹಾಕೋಣ, ಅವಳಿಗೆ ಹೇಳುವುದೇ ಬೇಡ" ಎಂದು ಉಳಿದವರ ಸಲಹೆ. ಒಳ್ಳೆಯ ಮನಸ್ಸಿನ ಮಕ್ಕಳೇ. ಆದರೆ ಮದುಮಗಳು ನನ್ನ ಪಕ್ಕದಲ್ಲಿ ಕುಳಿತು ಹೇಳಿದಳು: "ಎಳೇಮ್ಮಾ, ಹಾಗೆ ಮಾಡಿದರೆ ಅವಳು ಪಾರ್ಟಿಗೆ ಮಾತ್ರವಲ್ಲ, ನಿಕಾಹ್‌ಗೂ ಬರುವುದಿಲ್ಲ. ನನಗವಳು ಗೊತ್ತು." ಇಪ್ಪತ್ಮೂರು ವರ್ಷದ ಹುಡುಗಿಗೆ ಸ್ವಾಭಿಮಾನವೆಂದರೇನು ಎಂಬುದರ ಅರಿವು ಇಷ್ಟು ಸ್ಪಷ್ಟವಾಗಿದ್ದುದು ಕಂಡು ನನಗೆ ಸಂತೋಷವಾಯಿತು. ನಮ್ಮಲ್ಲಿ ಎಷ್ಟೋ ದೊಡ್ಡವರಿಗೆ ಅದು ಅರ್ಥವಾಗುವುದಿಲ್ಲ. ಸಹಾಯ ಮಾಡಿ, ನಂತರ ನಾಲ್ಕು ಜನರ ಮುಂದೆ ಅದನ್ನೇ ಹೇಳಿಕೊಂಡು ತಿರುಗುತ್ತೇವೆ.

ಇತ್ಯರ್ಥ ಮಾಡಿದ್ದು ಉಮ್ಮಾಮ. ಗೆಳತಿಯ ತಾಯಿ, ಎಂಬತ್ತು ದಾಟಿದವರು. ನಡುಮನೆಯ ಮಂಚದಲ್ಲಿ ತಸ್ಬೀಹ್ ಹಿಡಿದು ಎಲ್ಲವನ್ನೂ ಕೇಳುತ್ತಿದ್ದರು. "ಮೈಲಾಂಜಿ ಹಾಕಲಿಕ್ಕೆ ಯಾರಾದರೂ ಹುಡುಗಿಯರಿಂದ ದುಡ್ಡು ವಸೂಲಿ ಮಾಡುತ್ತಾರಾ? ಈ ಮನೆಗೆ ಅಂಗಳವಿಲ್ಲವಾ?" ಎಂದರು, ಅಷ್ಟೇ.

ಆ ಅಂಗಳದ ಬಗ್ಗೆ ಸ್ವಲ್ಪ ಹೇಳಬೇಕು. ಕುಟ್ಟಿಚಿರದ ತರವಾಡುಗಳಲ್ಲಿ ಹೆಣ್ಣು ಮಕ್ಕಳು ಮದುವೆಯಾಗಿ ಮನೆ ಬಿಟ್ಟು ಹೋಗುವ ಪದ್ಧತಿಯಿಲ್ಲ. ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ. ಅವಳಿಗೆಂದು ಒಂದು ಕೋಣೆ ಸಿದ್ಧಪಡಿಸುತ್ತಾರೆ. ಅದಕ್ಕೆ 'ಅರ' ಎನ್ನುತ್ತಾರೆ. ತಾಯಿ, ಮಗಳು, ಮೊಮ್ಮಗಳು, ಅವರವರ ಗಂಡಂದಿರು, ಹೀಗೆ ಹಲವು ಕುಟುಂಬಗಳು ಒಂದೇ ಸೂರಿನಡಿ. ಮನೆಯ ಅಳಿಯನಿಗೆ 'ಪುದಿಯಾಪ್ಪಿಳ', ಅಂದರೆ ಮದುಮಗ ಎಂದು ಹೆಸರು. ಈ ಹೆಸರಿಗೆ ಮುಪ್ಪಿಲ್ಲ. ಎಪ್ಪತ್ತು ವರ್ಷದ, ಕೋಲು ಹಿಡಿದು ನಡೆಯುವ ಅಜ್ಜನೂ ಹೆಂಡತಿಯ ಮನೆಯಲ್ಲಿ ಪುದಿಯಾಪ್ಪಿಳನೇ! ಅವರಿಗೆ ಚಹಾದ ಜೊತೆ ತಿಂಡಿ ತಪ್ಪುವಂತಿಲ್ಲ. 1939ರ ಮಾಪ್ಪಿಳ ಮರುಮಕ್ಕತ್ತಾಯಂ ಕಾಯ್ದೆ ತರವಾಡು ಆಸ್ತಿಯನ್ನು ಪಾಲು ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಎಷ್ಟೋ ಮನೆಗಳು ಒಡೆದವು, ಎಷ್ಟೋ ಕುಟುಂಬಗಳು ಫ್ಲಾಟುಗಳಿಗೆ ಹೋದವು. ಆದರೂ ಕೆಲವು ಉಳಿದಿವೆ.

ಹಾಗಾಗಿ ಇಲ್ಲಿನ ಮೈಲಾಂಜಿ ರಾತ್ರಿಗೂ ನಮ್ಮ ದಕ್ಷಿಣ ಕನ್ನಡದ ಮೈಲಾಂಜಿಗೂ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಮದುಮಗಳ ಕೈಗೆ ಮದರಂಗಿ ಹಚ್ಚುವಾಗ ಮೂಲೆಯಲ್ಲಿ ನಿಂತ ತಾಯಿಯ ಕಣ್ಣು ಒದ್ದೆಯಾಗಿರುತ್ತದೆ. ನಾಳೆ ಅವಳು ಹೋಗುತ್ತಾಳೆ. ಇಲ್ಲಿ ಆ ದುಃಖವಿಲ್ಲ. ನಾಳೆಯೂ ಅವಳು ಇದೇ ಅಡುಗೆ ಮನೆಯಲ್ಲಿ ತಾಯಿಯೊಡನೆ ಜಗಳವಾಡುವವಳೇ. ಅಳು ಇಲ್ಲದ ಮೈಲಾಂಜಿಯನ್ನು ನಾನು ನೋಡಿದ್ದು ಇಲ್ಲಿಯೇ.

ರಿಸಾರ್ಟಿನ ಯೋಚನೆ ಬಿಟ್ಟ ಮೇಲೆ ಮನೆಯ ಹಿರಿಯ ಹೆಂಗಸರ ಸರದಿ ಬಂತು. ಅಂಗಳ ಬೇಡ, ಹಾಲ್ ಹಿಡಿಯೋಣ, ಮುನ್ನೂರು ಜನರನ್ನು ಕರೆಯೋಣ, ವೇದಿಕೆ ಹಾಕಿಸಿ ಒಪ್ಪನ ತಂಡ ತರಿಸೋಣ ಎಂದರು. ಲೆಕ್ಕ ಹಾಕಿದರೆ ಹುಡುಗಿಯರ ಇಡೀ ರಿಸಾರ್ಟ್ ಖರ್ಚು ಅದರ ಮುಂದೆ ಚಿಲ್ಲರೆ. ದುಂದುವೆಚ್ಚ ಎಂದ ಕೂಡಲೇ ನಾವು ಯುವಜನರ ಕಡೆ ಬೆರಳು ತೋರಿಸುತ್ತೇವೆ. ಮೈಲಾಂಜಿಯನ್ನು ಇನ್ನೊಂದು ಮದುವೆಯಾಗಿ ಬೆಳೆಸಿದವರು ಯಾರು? ಮದುಮಗಳು ಗಟ್ಟಿಯಾಗಿ ನಿಂತಳು. ಮನೆಯವರು, ಎರಡು ಪಕ್ಕದ ಮನೆಯವರು, ಹನ್ನೊಂದು ಗೆಳತಿಯರು, ಅಷ್ಟೇ.

ದಿನ ನಿಶ್ಚಯಿಸುವಾಗ ಮದರಂಗಿಯ ಗುಣವನ್ನೂ ನೋಡಬೇಕಾಗುತ್ತದೆ. ಹಚ್ಚಿ ತೆಗೆದಾಗ ಬಣ್ಣ ಬರೀ ಕಿತ್ತಳೆಯಾಗಿರುತ್ತದೆ. ಅದು ಗಾಢವಾಗಲು ಒಂದೆರಡು ದಿನ ಬೇಕು. ಆದ್ದರಿಂದ ನಿಕಾಹ್‌ಗೆ ಎರಡು ದಿನ ಮುಂಚಿನ ರಾತ್ರಿಯನ್ನು ಆರಿಸಿದೆವು. ಪುಡಿ ರಾಜಸ್ಥಾನದ ಸೋಜತ್‌ನದ್ದು. ಅಲ್ಲಿನ ಮೆಹಂದಿಗೆ 2021ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ತೆಳುಬಟ್ಟೆಯಲ್ಲಿ ಜರಡಿ ಹಿಡಿದು, ನಿಂಬೆರಸ, ಸ್ವಲ್ಪ ಸಕ್ಕರೆ, ನೀಲಗಿರಿ ಎಣ್ಣೆ ಹಾಕಿ ಕಲಸಿ ಮುಚ್ಚಿಟ್ಟೆವು. ಹುಡುಗಿಯರಲ್ಲಿ ಒಬ್ಬಳು ಬೇಗ ಕಪ್ಪು ಬಣ್ಣ ಕೊಡುವ ಸಿದ್ಧ ಕೋನ್ ತಂದಿದ್ದಳು. ಅದನ್ನು ಬದಿಗಿಡಿಸಿದೆ. ಮದರಂಗಿ ಎಂದೂ ಕಪ್ಪಾಗಿರುವುದಿಲ್ಲ. ಅಂಥ ಕಪ್ಪಿಗೆ ಕೂದಲಿನ ಬಣ್ಣದಲ್ಲಿ ಬಳಸುವ ಪಿಪಿಡಿ ಎಂಬ ರಾಸಾಯನಿಕ ಬೆರೆಸುತ್ತಾರೆ. ಕೆಲವರಿಗೆ ಅದರಿಂದ ಗುಳ್ಳೆಯೆದ್ದು ಚರ್ಮ ಸುಟ್ಟಂತಾಗುತ್ತದೆ. ಒಮ್ಮೆ ಅಲರ್ಜಿಯಾದರೆ ಮುಂದೆ ಕೂದಲಿಗೆ ಬಣ್ಣ ಹಚ್ಚಿದಾಗಲೂ ಕಾಡಬಹುದು. ಮದುಮಗಳ ಕೈಗೆ ಹಚ್ಚುವ ಮೊದಲು ಯಾವ ಕೋನ್ ಆದರೂ ಮೊಣಕೈ ಬಳಿ ಒಂದು ಚುಕ್ಕೆ ಇಟ್ಟು ಒಂದೆರಡು ದಿನ ನೋಡುವುದು ಒಳ್ಳೆಯದು.

ಉಮ್ಮಾಮರ ಕಾಲದಲ್ಲಿ ಕೋನ್ ಇರಲಿಲ್ಲ. ಆಗಿನ ವಿಧಾನವನ್ನು ಅವರು ಹೇಳಿದಾಗ ಹುಡುಗಿಯರು ಬಾಯಿಬಿಟ್ಟು ಕೇಳಿದರು. ಹಲಸಿನ ಮೇಣವನ್ನು ಕಾಯಿಸಿ, ಕಡ್ಡಿಯಲ್ಲಿ ಅದ್ದಿ ಅಂಗೈ ಮೇಲೆ ಚುಕ್ಕೆ, ಎಳೆ, ಹೂ ಇಡುವುದು. ಅದರ ಮೇಲೆ ಅರೆದ ಮೈಲಾಂಜಿಯನ್ನು ಕೈತುಂಬ ಮೆತ್ತುವುದು. ಮರುದಿನ ಮೇಣ ಬಿಡಿಸಿದರೆ ಕೆಂಪು ಅಂಗೈಯಲ್ಲಿ ಬಿಳಿ ಚಿತ್ತಾರ. ಈಗಿನವರು ಗೆರೆ ಎಳೆದು ಕೆಂಪು ಮಾಡುತ್ತಾರೆ, ಆಗಿನವರು ಗೆರೆಯನ್ನು ಬಿಟ್ಟು ಉಳಿದದ್ದನ್ನು ಕೆಂಪು ಮಾಡುತ್ತಿದ್ದರು.

"ನನಗೂ ಹಾಗೇ ಬೇಕು" ಎಂದಳು ಮದುಮಗಳು. ಕುಟ್ಟಿಚಿರದ ಒತ್ತೊತ್ತಾದ ಮನೆಗಳ ನಡುವೆ ಹಲಸಿನ ಮೇಣ ಎಲ್ಲಿಂದ? ಆಟೋ ಚಾಲಕರ ಮಗಳ ಅಜ್ಜಿಯ ಮನೆಯಲ್ಲಿ ಮರವಿದೆ ಎಂದು ಯಾರೋ ನೆನಪಿಸಿದರು. ಮದುಮಗಳು ಫೋನ್ ಮಾಡಿದಳು. ಹಣದ ಮಾತಿಲ್ಲ, ಗುಂಪು ಬಿಟ್ಟ ಮಾತಿಲ್ಲ. "ಮೇಣ ಬೇಕಿತ್ತು, ತರ್ತೀಯಾ?" ಅಷ್ಟೇ ಕೇಳಿದಳು. ಮರುದಿನ ಅಸರ್ ನಮಾಝಿನ ಹೊತ್ತಿಗೆ ಅವಳು ತೆಂಗಿನ ಚಿಪ್ಪಿನಲ್ಲಿ ಮೇಣ ಹಿಡಿದು ಬಂದಳು. ಬಾಗಿಲಲ್ಲಿ ಇಬ್ಬರೂ ಒಂದು ಕ್ಷಣ ಸುಮ್ಮನೆ ನಿಂತರು. ನಂತರ ಒಳಗೆ ಹೋದವರು ಮಗ್ರಿಬ್‌ವರೆಗೂ ಹೊರಗೆ ಬರಲಿಲ್ಲ.

ಅಡುಗೆ ಮನೆಯಲ್ಲಿ ಅಂದು ಮಧ್ಯಾಹ್ನದಿಂದ ಗದ್ದಲ. ಕೇಕಿನ ಬದಲು ಮುಟ್ಟಮಾಲ ಎಂದು ತೀರ್ಮಾನವಾಗಿತ್ತು. ಮೊಟ್ಟೆಯ ಹಳದಿಯನ್ನು ಸೋಸಿ, ಸಣ್ಣ ತೂತುಗಳಿರುವ ಚಿಪ್ಪಿನಿಂದ ಕುದಿಯುವ ಸಕ್ಕರೆ ಪಾಕಕ್ಕೆ ವೃತ್ತಾಕಾರವಾಗಿ ಇಳಿಸಿದರೆ ಚಿನ್ನದ ಎಳೆಗಳಂತೆ ಹೆಣೆದುಕೊಳ್ಳುತ್ತದೆ. ಉಳಿದ ಬಿಳಿಯಿಂದ ಪಿಂಞಾಣತ್ತಪ್ಪ ಎಂಬ ಮೆತ್ತನೆಯ ಸಿಹಿ. ಪೋರ್ಚುಗಲ್ಲಿನಲ್ಲೂ ಹೆಚ್ಚು ಕಡಿಮೆ ಇಂಥದ್ದೇ ಮೊಟ್ಟೆಯೆಳೆಯ ಸಿಹಿಯಿದೆ. ಇನ್ನೊಂದು ಉನ್ನಕ್ಕಾಯ. ಹಣ್ಣಾದ ನೇಂದ್ರ ಬಾಳೆಯನ್ನು ಬೇಯಿಸಿ ನುಣ್ಣಗೆ ಹಿಸುಕಿ, ಒಳಗೆ ತೆಂಗಿನತುರಿ, ಸಕ್ಕರೆ, ಗೋಡಂಬಿ, ಏಲಕ್ಕಿಯ ಹೂರಣ ತುಂಬಿ, ಬೂರುಗದ ಕಾಯಿಯ ಆಕಾರಕ್ಕೆ ತಂದು ಕರಿಯುವುದು. ಹಣ್ಣು ಅತಿಯಾಗಿ ಮಾಗಿದ್ದರೆ ಎಣ್ಣೆಯಲ್ಲಿ ಒಡೆದುಹೋಗುತ್ತದೆ. ನನ್ನ ಭಾಗದ ನಾಲ್ಕು ಒಡೆದವು, ಅವುಗಳನ್ನು ಅಲ್ಲೇ ತಿಂದು ಮುಗಿಸಿದೆವು.

ಒಪ್ಪನಕ್ಕೆ ಹೊರಗಿನ ತಂಡ ಬೇಡವೆಂದಾಯಿತು. ಹುಡುಗಿಯರಲ್ಲಿ ಇಬ್ಬರು ಶಾಲಾ ಕಲೋತ್ಸವದಲ್ಲಿ ಒಪ್ಪನ ಆಡಿದವರು. ಅವರಿಗೆ ಸ್ಪರ್ಧೆಯ ವೇಗದ ಹೆಜ್ಜೆ ಗೊತ್ತು, ಹಾಡು ಗೊತ್ತಿಲ್ಲ. ಧ್ವನಿಮುದ್ರಿತ ಹಾಡು ಹಾಕೋಣವೆಂದರು. ಆಗ ಉಮ್ಮಾಮ ತಮ್ಮ ಪೆಟ್ಟಿಗೆಯಿಂದ ಹಾಳೆ ಉದುರುತ್ತಿದ್ದ ಹಾಡಿನ ಪುಸ್ತಕವೊಂದನ್ನು ತೆಗೆದರು. ಅರಬಿ ಮಲಯಾಳ, ಅಂದರೆ ಅರಬಿ ಲಿಪಿಯಲ್ಲಿ ಬರೆದ ಮಲಯಾಳ. ಮಾಪ್ಪಿಳ ಹಾಡುಗಳ ದೊಡ್ಡ ಸಂಪತ್ತು ಈ ಲಿಪಿಯಲ್ಲೇ ಇದೆ. ಕೊಂಡೋಟಿಯ ಮಹಾಕವಿ ಮೋಯಿನ್‌ಕುಟ್ಟಿ ವೈದ್ಯರ್ 1872ರಲ್ಲಿ, ತಮ್ಮ ಇಪ್ಪತ್ತನೇ ವಯಸ್ಸಿನಲ್ಲಿ, 'ಬದರುಲ್ ಮುನೀರ್ ಹುಸ್ನುಲ್ ಜಮಾಲ್' ಬರೆದದ್ದೂ ಇದರಲ್ಲೇ. ಉಮ್ಮಾಮರ ಕಣ್ಣಿಗೆ ಪೊರೆ. ಹುಡುಗಿಯರು ಚಿಕ್ಕಂದಿನಲ್ಲಿ ಕಲಿತಿದ್ದರೂ ಓದುವ ಅಭ್ಯಾಸ ಬಿಟ್ಟಿದ್ದರು. ನಮ್ಮ ಕರಾವಳಿಯ ಮದ್ರಸಗಳಲ್ಲಿ ನಾವು ಓದಿದ ಪಠ್ಯವೂ ಅರಬಿ ಮಲಯಾಳವೇ ಅಲ್ಲವೇ? ಮಂಗಳೂರಿನಿಂದ ಬಂದ ನಾನು ಅಕ್ಷರ ಕೂಡಿಸಿ ಓದಿದೆ, ಉಮ್ಮಾಮ ಧಾಟಿ ಹಿಡಿದರು, ಮಕ್ಕಳು ಬರೆದುಕೊಂಡರು.

ಹಾಡು, ಚಪ್ಪಾಳೆ ಎಂದಾಗ ಕೆಲವು ಸಹೋದರಿಯರಿಗೆ ಸಂಕೋಚವಾಗುತ್ತದೆ. ಒಬ್ಬ ಅನ್ಸಾರಿಯ ಮದುವೆಗೆ ವಧುವನ್ನು ಕಳುಹಿಸಿಕೊಟ್ಟಾಗ, ಅನ್ಸಾರರು ಮನರಂಜನೆಯನ್ನು ಇಷ್ಟಪಡುವವರು, ಅದೇನೂ ಇರಲಿಲ್ಲವೇ ಎಂದು ಪ್ರವಾದಿವರ್ಯರು(ಸ) ಆಯಿಶಾರಲ್ಲಿ(ರ) ವಿಚಾರಿಸಿದ್ದು ಬುಖಾರಿಯಲ್ಲಿದೆ. ಹೆಂಗಸರ ನಡುವೆ, ಹೆಂಗಸರ ಹಾಡು. ನಮ್ಮ ಅಜ್ಜಿಯಂದಿರು ಇದನ್ನು ಕಂಡದ್ದು ಹಾಗೆಯೇ.

ನಿಜವಾದ ಚರ್ಚೆ ನಡೆದದ್ದು ಮೊಬೈಲ್ ಬಗ್ಗೆ. ತಲೆವಸ್ತ್ರವಿಲ್ಲದೆ ಕುಣಿಯುವ ಹುಡುಗಿಯ ಹತ್ತು ಸೆಕೆಂಡಿನ ವೀಡಿಯೋ ಯಾರದ್ದೋ ಸ್ಟೇಟಸ್‌ಗೆ ಹೋಗಿ, ಅಲ್ಲಿಂದ ಊರಿಡೀ ಸುತ್ತಿದರೆ ಮರಳಿ ತರುವವರಾರು? ಮದುಮಗಳ ತಂಗಿಯೇ ಉಪಾಯ ಹೇಳಿದಳು. ಅಂಗಳದ ಬಾಗಿಲಲ್ಲಿ ಒಂದು ಬೆತ್ತದ ಬುಟ್ಟಿ. ಎಲ್ಲರ ಫೋನ್ ಅದರಲ್ಲಿ, ಕಾವಲಿಗೆ ಉಮ್ಮಾಮ. ಆರಂಭದಲ್ಲಿ ಒಂದೇ ಫೋನಿನಿಂದ ಎಲ್ಲರೂ ತಲೆವಸ್ತ್ರ ಧರಿಸಿದ ಒಂದು ಚಿತ್ರ ತೆಗೆದರು. ಒಂದೇ ಬಣ್ಣದ ಉಡುಪಿನ ಆಸೆಯೂ ಪೂರ್ತಿ ಹೋಗಲಿಲ್ಲ. ಹಸಿರು ತಟ್ಟಂ ಎಲ್ಲರ ಕಪಾಟಿನಲ್ಲೂ ಒಂದಾದರೂ ಇತ್ತು.

ಇಶಾ ನಮಾಝಿನ ನಂತರ ಮದುಮಗಳನ್ನು ಪೀಠದಲ್ಲಿ ಕೂರಿಸಿದರು. ಮೇಣದ ಕೆಲಸ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಬಿಸಿ ಹೆಚ್ಚಾದರೆ ಕೈ ಸುಡುತ್ತದೆ, ತಣಿದರೆ ಎಳೆ ಬರುವುದಿಲ್ಲ. ಉಮ್ಮಾಮ ಹೇಳಿದಂತೆ ಆಟೋ ಚಾಲಕರ ಮಗಳು ಎಡಗೈಗೆ ಚುಕ್ಕೆಗಳನ್ನು ಇಡುತ್ತಾ ಹೋದಳು. ಅಷ್ಟರಲ್ಲಿ ಹನ್ನೊಂದು ಗಂಟೆ. ಬಲಗೈಗೆ ಕೋನ್‌ನಲ್ಲೇ ಹೂಬಳ್ಳಿ ಬರೆದು ಮುಗಿಸಿದರು. ಸುತ್ತ ಹಾಡು, ಚಪ್ಪಾಳೆ. ಸ್ಪರ್ಧೆಯ ವೇಗದಲ್ಲಿ ಹೊರಟ ಹುಡುಗಿಯರನ್ನು ಉಮ್ಮಾಮ ಎರಡು ಸಲ ತಡೆದು ನಿಲ್ಲಿಸಿದರು. "ನಿಧಾನ, ಮದುಮಗಳಿಗೆ ಕೇಳಿಸಬೇಕು" ಎಂದರು.

ಬೆಳಿಗ್ಗೆ ಎಡಗೈಯ ಮೇಣ ಬಿಡಿಸಿದಾಗ ಅರ್ಧದಷ್ಟು ಚುಕ್ಕೆಗಳು ಚೆನ್ನಾಗಿ ಮೂಡಿದ್ದವು, ಉಳಿದವು ಕಲಸಿಹೋಗಿದ್ದವು. ಮದುಮಗಳು ಸಿಕ್ಕಿದವರಿಗೆಲ್ಲ ಆ ಕೈಯನ್ನೇ ತೋರಿಸುತ್ತಿದ್ದಳು. ರಾತ್ರಿ ಬುಟ್ಟಿಯಿಂದ ಫೋನುಗಳು ಹೊರಬಂದ ಕೂಡಲೇ ಗೆಳತಿಯನ್ನು ಮತ್ತೆ ಗುಂಪಿಗೆ ಸೇರಿಸಿದ್ದರಂತೆ. ಅವಳು ಅದರಲ್ಲಿ ಬರೆದ ಮೊದಲ ಸಾಲು ಇದು: "ನನ್ನ ಹಸಿರು ತಟ್ಟಂ ಯಾರು ಎತ್ತಿಕೊಂಡು ಹೋದಿರಿ?"