ಜಹೀರಾಬಾದಿನ ಮನೆಯೊಳಗೊಂದು ಕಡಲು

ಸಮುದ್ರವನ್ನು ಕಣ್ಣಾರೆ ಕಾಣದವರೇ ಹೆಚ್ಚಾಗಿರುವ ನಮ್ಮ ಸೀಮೆಯಲ್ಲಿ, ಸಮುದ್ರದ ಮೀನನ್ನು ಮನೆಯೊಳಗೆ ಸಾಕುವ ಮಾತು ವಾಚಕರಿಗೆ ವಿಚಿತ್ರವಾಗಿ ತೋರಬಹುದು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆಯ ಜಹೀರಾಬಾದ, ನಾರಾಯಣಖೇಡಗಳೂ ಗುಲಬರ್ಗಾ ಜಿಲ್ಲೆಯ ತಾಂಡೂರೂ ಗಡಿಯಾಚೆಗೆ ಸೇರಿದಂದಿನಿಂದ ನಾವು ಹಲವು ಬಗೆಯ ನೀರು ಕುಡಿದವರು. ಉಪ್ಪುನೀರೊಂದು ಬಾಕಿ ಉಳಿದಿತ್ತು. ಅದೂ ಈಗ ಬಂದಿದೆ.

ಜಹೀರಾಬಾದಿನಲ್ಲಿ ಬಟ್ಟೆಯ ಅಂಗಡಿ ಇಟ್ಟುಕೊಂಡಿರುವ ನಮ್ಮ ಅಣ್ಣನ ಮಗನು ಬಾಲ್ಯದಲ್ಲಿ ಮುಂಬಯಿಗೆ ಹೋಗಿದ್ದಾಗ, ಮರೀನ್ ಡ್ರೈವಿನಲ್ಲಿ ೧೯೫೧ರಲ್ಲಿ ತೆರೆದ ತಾರಾಪೋರೆವಾಲಾ ಮತ್ಸ್ಯಾಲಯವನ್ನು ನೋಡಿಬಂದವನು. ಆ ಹುಚ್ಚು ಮೂವತ್ತು ವರ್ಷ ಒಳಗೊಳಗೇ ಕುಳಿತಿದ್ದು ಎರಡು ವರ್ಷಗಳ ಹಿಂದೆ ಹೊರಬಿದ್ದಿತು. ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿ ಹೈದರಾಬಾದಿನಿಂದ ಬಂದಿತು. ತಾಂಡೂರಿನ ಬೀಗರು ಕಳುಹಿಸಿದ ಪರಸಿ ಕಲ್ಲಿನಿಂದ ಕಟ್ಟೆ ಎದ್ದಿತು. ಕಿತ್ತಳೆ ಮೈಗೆ ಬಿಳಿಯ ಪಟ್ಟೆಯುಳ್ಳ ಮೂರು ಕ್ಲೌನ್ ಮೀನುಗಳೂ ಎರಡು ನೀಲಿ ಡ್ಯಾಮ್ಸೆಲ್‌ಗಳೂ ಮನೆಯ ಮಕ್ಕಳಾದವು.

ಕಳೆದ ವೈಶಾಖದಲ್ಲಿ ಒಂದೇ ವಾರದೊಳಗೆ ಎರಡು ಕ್ಲೌನ್ ಮೀನುಗಳು ಸತ್ತವು. ಸೊಸೆಯು, "ಜೀವಹಿಂಸೆಯ ಪಾಪ ಮನ್ಯಾಗ ಬ್ಯಾಡ, ತೊಟ್ಟಿ ಯಾರಿಗಾದರೂ ಕೊಟ್ಟುಬಿಡ್ರಿ" ಎಂದು ಹಟ ಹಿಡಿದಳು. ಆರನೆಯ ಇಯತ್ತೆಯಲ್ಲಿರುವ ಮೊಮ್ಮಗಳು ಊಟ ಬಿಟ್ಟಳು. "ಕಾಕಾ, ಮಕ್ಕಳಿಗೆ ವಿಜ್ಞಾನ ಕಲಿಸಿದವರು ನೀವು, ಒಮ್ಮೆ ಬಂದು ನೋಡ್ರಿ" ಎಂದು ಕರೆ ಬಂದಿತು. ನಾವು ಶನಿವಾರ ಶಾಲೆ ಬಿಟ್ಟೊಡನೆ ನಾರಾಯಣಖೇಡದ ಬಸ್ಸು ಹಿಡಿದೆವು.

ಹೋಗಿ ನೋಡಿದರೆ ನೀರು ಸ್ಫಟಿಕದಂತಿದೆ! ಉಪ್ಪಿನ ಪ್ರಮಾಣವೂ ಲೀಟರಿಗೆ ೩೫ ಗ್ರಾಮಿನ ಆಸುಪಾಸಿನಲ್ಲಿ ಸರಿಯಾಗಿಯೇ ಇದೆ. ಆದರೆ ಉಳಿದ ಮೀನುಗಳು ಒಂದೇ ಮೂಲೆಯಲ್ಲಿ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. "ಮುತ್ಯಾ, ಮೀನಿಗಿ ಉಸಿರು ಕಟ್ಟೇದೇನ್ರಿ?" ಎಂದಳು ಹುಡುಗಿ. ಅವಳ ರೋಗನಿದಾನವು ಮೀನು ಮಾರಿದ ಅಂಗಡಿಯವನದಕ್ಕಿಂತ ಸರಿಯಾಗಿತ್ತು. ಅವನು ಫೋನಿನಲ್ಲಿ ಔಷಧ ಹೇಳಿದ್ದನು.

ನೀರಿಗೆ ಆಮ್ಲಜನಕವು ಇಳಿಯುವುದು ಮುಖ್ಯವಾಗಿ ಮೇಲ್ಮೈಯ ಮೂಲಕ. ೨೫ ಡಿಗ್ರಿ ಉಷ್ಣದಲ್ಲಿ ಒಂದು ಲೀಟರು ಸಿಹಿನೀರು ಸುಮಾರು ೮.೨ ಮಿಲಿಗ್ರಾಮ್ ಆಮ್ಲಜನಕವನ್ನು ಹಿಡಿದುಕೊಳ್ಳಬಲ್ಲುದು. ಅದೇ ಸಮುದ್ರದ ನೀರಿಗೆ ೬.೭ರಷ್ಟೇ ಸಾಧ್ಯ. ಉಷ್ಣ ೩೦ಕ್ಕೆ ಏರಿದರೆ ಅದು ೬.೨ಕ್ಕೆ ಇಳಿಯುತ್ತದೆ. ಉಪ್ಪೂ ಬಿಸಿಲೂ ಕೂಡಿ ಕಸಿದುಕೊಂಡ ಮೇಲೆ ಉಳಿದಷ್ಟನ್ನಾದರೂ ತಳದವರೆಗೆ ಒಯ್ಯಬೇಕಾದದ್ದು ನೀರಿನ ಚಲನೆ. ಮೇಲಿನ ನೀರು ಕೆಳಗಿಳಿದು, ಕೆಳಗಿನದು ಮೇಲಕ್ಕೆ ಬಂದು ಗಾಳಿಯನ್ನು ಮುಟ್ಟದಿದ್ದರೆ ತೊಟ್ಟಿಯ ತಳವು ಬಾಗಿಲಿಲ್ಲದ ಕೋಣೆಯಂತೆಯೇ ಸರಿ. ಮೀನಿನ ಮಲಮೂತ್ರದ ಅಮೋನಿಯಾವನ್ನು ಮೊದಲು ನೈಟ್ರೈಟಾಗಿಯೂ ಅನಂತರ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲು ಮರಳುಗಳ ಮೇಲೆಯೇ ವಾಸಿಸುತ್ತವೆ. ಅವಕ್ಕೂ ಉಸಿರು ಬೇಕು.

ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಂತಿದೆ ಎಂಬುದನ್ನು ಕಣ್ಣಿನಿಂದ ಅರಿಯುವುದು ಕಷ್ಟ. ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದು ಪ್ರತ್ಯಕ್ಷ ಪಾಠ. ತೆಳ್ಳನೆಯ ಬಿದಿರುಕಡ್ಡಿಯ ತುದಿಗೆ ಗೇಣುದ್ದದ ಹತ್ತಿಯ ದಾರ ಕಟ್ಟಿ ಹುಡುಗಿಯ ಕೈಗೆ ಕೊಟ್ಟೆವು. ಅವಳು ಅದನ್ನು ತೊಟ್ಟಿಯೊಳಗೆ ಗೇಣು ಗೇಣಿಗೆ ಇಳಿಸಿ ನೋಡುತ್ತ, ದಾರ ಓಲಾಡಿದಲ್ಲಿ ಅಡ್ಡಗೆರೆಯನ್ನೂ, ನೆಟ್ಟಗೆ ಜೋತುಬಿದ್ದಲ್ಲಿ ಸೊನ್ನೆಯನ್ನೂ ಕಾಗದದ ಮೇಲೆ ಗುರುತಿಸಿದಳು. ಪಂಪಿನ ಬಾಯಿದ್ದ ಬಲಮೂಲೆಯಲ್ಲಿ ದಾರವು ಬಾವುಟದಂತೆ ಹಾರಿತು. ಮೀನುಗಳು ಗುಂಪುಗೂಡಿದ್ದುದೂ ಅಲ್ಲಿಯೇ. ಎಡಗಡೆಯೆಲ್ಲ ಸೊನ್ನೆ. ಹಿಂದಿನ ಗಾಜಿಗೆ ಒತ್ತಿ ಗೋಡೆಯಂತೆ ಪೇರಿಸಿದ್ದ ಕಲ್ಲುಗಳ ಸಂದಿಯಲ್ಲಿ ದಾರ ಮಿಸುಕಲಿಲ್ಲ. ಅಲ್ಲಿ ಉಳಿದ ಆಹಾರವೂ ಕಸವೂ ಕೂಡಿ ಮರಳು ಕಪ್ಪಾಗಿತ್ತು.

ಆಮೇಲೆ ಲೆಕ್ಕಕ್ಕೆ ಕುಳಿತೆವು. ೪ ಅಡಿ ಉದ್ದ, ೧.೫ ಅಡಿ ಅಗಲ, ೧.೫ ಅಡಿ ಎತ್ತರ: ೯ ಘನ ಅಡಿ, ಘನ ಅಡಿಗೆ ೨೮.೩ ಲೀಟರಿನಂತೆ ಸುಮಾರು ೨೫೫ ಲೀಟರು. ಕಲ್ಲು ಮರಳುಗಳನ್ನು ಕಳೆದರೆ ನೀರು ೨೦೦ ಲೀಟರೆನ್ನಿ. ಮೀನು ಮಾತ್ರವಿರುವ ಸಮುದ್ರ ತೊಟ್ಟಿಯಲ್ಲಿ ಗಂಟೆಗೆ ಹತ್ತು ಪಟ್ಟು ನೀರಾದರೂ ಆಡಬೇಕೆಂಬುದು ಸಾಕುವವರ ವಾಡಿಕೆ; ಅಂದರೆ ೨,೦೦೦ ಲೀಟರು. ನಮ್ಮ ಹುಡುಗನ ಪಂಪಿನ ಮೇಲೆ ಬರೆದಿದ್ದುದು ೮೦೦. ನೀರನ್ನು ಮೇಲೆತ್ತುವ ಶ್ರಮದಲ್ಲಿ ಅದೂ ಪೂರ್ತಿ ಸಿಗದು.

ಹಾಗೆಂದು ದೊಡ್ಡದೊಂದು ಪಂಪನ್ನು ತಂದು ಒಂದೇ ದಿಕ್ಕಿಗೆ ಬಿಡುವುದು ನಮಗೆ ಒಪ್ಪಿಗೆಯಾಗಲಿಲ್ಲ. ಗೋಕರ್ಣದಲ್ಲಿ ಅಲೆಗಳನ್ನು ನೋಡಿದವರಿಗೆ ಗೊತ್ತು: ಅಲ್ಲಿ ನೀರು ಬರುತ್ತದೆ, ಹೋಗುತ್ತದೆ, ಅಡ್ಡ ಹಾಯುತ್ತದೆ; ನಲ್ಲಿಯಂತೆ ಒಂದೇ ಕಡೆಗೆ ಬಡಿಯುವುದಿಲ್ಲ. ಗಂಟೆಗೆ ೧,೦೦೦ ಲೀಟರು ನೂಕುವ ಎರಡು ಚಿಕ್ಕ ಪವರ್‌ಹೆಡ್‌ಗಳನ್ನು ತರಿಸಿ ಹಿಂದಿನ ಎರಡು ಮೂಲೆಗಳಲ್ಲಿ ಅಂಟಿಸಿದೆವು. ಅವುಗಳ ಧಾರೆಗಳು ಮುಂದಿನ ಗಾಜಿನ ನಡುವೆ ಒಂದನ್ನೊಂದು ಹಾಯ್ದು ಒಡೆಯುವಂತೆಯೂ, ನೀರಿನ ಮೇಲ್ಮೈ ಸದಾ ಅಲುಗುವಂತೆಯೂ, ಮರಳು ಮಾತ್ರ ಏಳದಂತೆಯೂ ಓರೆಯಾಗಿಸುವುದರಲ್ಲಿ ಒಂದು ಮಧ್ಯಾಹ್ನವೇ ಕಳೆಯಿತು. ಕಪ್ಪು ಮರಳನ್ನು ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಏಳುತ್ತದೆ. ಆದಕಾರಣ ಮೊದಲು ಮೀನುಗಳನ್ನು ತೊಟ್ಟಿಯದೇ ನೀರು ತುಂಬಿದ ಬಕೇಟಿಗೆ ಸಾಗಿಸಿ, ಆ ಮರಳನ್ನು ತೆಗೆದು, ಮೂರರಲ್ಲೊಂದು ಪಾಲು ನೀರನ್ನು ಬದಲಿಸಿದೆವು. ಕಲ್ಲುಗಳನ್ನು ಹಿಂದಿನ ಗಾಜಿನಿಂದ ನಾಲ್ಕು ಬೆರಳು ಈಚೆಗೆ ಎಳೆದು, ಅಡಿಯಲ್ಲಿ ನೀರು ನುಸುಳುವಂತೆ ಕಮಾನು ಕಟ್ಟಿದೆವು. ಪಂಪಿನ ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋಲುಬಿಟ್ಟು ಮೇಲಕ್ಕೆ ಒಯ್ಯಬೇಕು. ತಂತಿಗುಂಟ ಇಳಿದ ಉಪ್ಪುನೀರು ಜೋಲಿನಲ್ಲಿಯೇ ತೊಟ್ಟಿಕ್ಕುತ್ತದೆ, ಪ್ಲಗ್ಗನ್ನು ಮುಟ್ಟದು. ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಬೀದರಿನ ನೌಬಾದದಲ್ಲಿ ಬಹಮನಿ ಅರಸರ ಕಾಲದವರು ತೋಡಿದ ಸುರಂಗಬಾವಿಯನ್ನು ಕಂಡವರು ನಮ್ಮ ವಾಚಕರಲ್ಲಿ ಅನೇಕರಿದ್ದಾರೆ. ನೆಲದಡಿಯ ಇಳಿಜಾರೊಂದನ್ನೇ ನಂಬಿ ಅಲ್ಲಿ ನೀರನ್ನು ನಡೆಸಿದರು. ತೊಟ್ಟಿಗೆ ಇಳಿಜಾರಿಲ್ಲ, ವಿದ್ಯುತ್ತೇ ಗತಿ. ವಿದ್ಯುತ್ತು ಹೋದರೆ ಕಡಲು ನಿಂತುಬಿಡುತ್ತದೆ. ಅದಕ್ಕಾಗಿ ಬ್ಯಾಟರಿಯಿಂದ ನಡೆಯುವ ಚಿಕ್ಕ ಗಾಳಿಯಂತ್ರವೊಂದನ್ನು ತೂಗುಹಾಕಿಸಿದೆವು. ಗುಳ್ಳೆಗಳು ತಾವೇ ಆಮ್ಲಜನಕವನ್ನು ತುಂಬುತ್ತವೆಂಬುದು ಹಲವರ ನಂಬಿಕೆ. ಮೇಲೇರುವಾಗ ತಳದ ನೀರನ್ನು ಎತ್ತಿ ಮೇಲ್ಮೈಯನ್ನು ಕದಡುವುದೇ ಅವುಗಳ ದೊಡ್ಡ ಉಪಕಾರ.

ನೀರಿನೊಳಗೆ ಓಡುವ ಪಂಪು ಕೊಂಚ ಬಿಸಿಯನ್ನೂ ಸೇರಿಸುತ್ತದೆ. ನಮ್ಮ ಕಡೆಯ ಬೇಸಗೆಯಲ್ಲಿ ಅದನ್ನು ಅಲಕ್ಷಿಸಲಾಗದು. ಮೇಲ್ಮೈಯ ಮೇಲೆ ಸಣ್ಣ ಫ್ಯಾನು ಬೀಸಿದರೆ ಮಣ್ಣಿನ ಗಡಿಗೆಯ ನ್ಯಾಯದಂತೆ ನೀರು ಆರುತ್ತ ತಣಿಯುತ್ತದೆ. ಆರಿದ್ದು ನೀರು ಮಾತ್ರ, ಉಪ್ಪು ಉಳಿಯುತ್ತದೆ; ಆದುದರಿಂದ ಕಡಿಮೆಯಾದಷ್ಟನ್ನು ಶುದ್ಧಮಾಡಿದ ಸಿಹಿನೀರಿನಿಂದಲೇ ತುಂಬಬೇಕು. ಸೊಸೆಯು ಗಾಜಿನ ಮೇಲೆ ಕುಂಕುಮದಿಂದ ಗೆರೆ ಎಳೆದು, ದಿನವೂ ಬೆಳಿಗ್ಗೆ ಅಲ್ಲಿಯವರೆಗೆ ತುಂಬುವ ಕೆಲಸವನ್ನು ತಾನಾಗಿ ವಹಿಸಿಕೊಂಡಳು. ನಾವು ಏನೂ ಹೇಳಿರಲಿಲ್ಲ.

ಮೊಮ್ಮಗಳಿಗೆ ಹವಳವೂ ಕಡಲಕುದುರೆಯೂ ಬೇಕಂತೆ. ಬಂಡೆ ಕಟ್ಟುವ ಹವಳಗಳನ್ನೂ ಕಡಲಕುದುರೆಯನ್ನೂ ೨೦೦೧ರಲ್ಲಿ ವನ್ಯಜೀವಿ ಸಂರಕ್ಷಣಾ ಕಾನೂನಿನ ಪಟ್ಟಿಗೆ ಸೇರಿಸಿದ್ದಾರೆಂದೂ, ಮುರ್ಡೇಶ್ವರದೆದುರಿನ ನೇತ್ರಾಣಿಯ ಹವಳ ನೇತ್ರಾಣಿಯಲ್ಲಿಯೇ ಇರತಕ್ಕದ್ದೆಂದೂ ತಿಳಿಸಿದೆವು. ಕ್ಲೌನ್ ಮೀನಿನ ಮಾತು ಬೇರೆ. ಅದನ್ನು ತೊಟ್ಟಿಯಲ್ಲಿಯೇ ಮರಿಮಾಡಿಸುವ ಕ್ರಮವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಸಾಧಿಸಿದ್ದಾರೆ. ಅಂಥ ಮರಿಯನ್ನು ಕೊಂಡರೆ ಕಡಲಿಗೆ ನಷ್ಟವಿಲ್ಲ.

ಒಂಟಿ ಉಳಿದ ಕ್ಲೌನ್ ಮೀನು ಮೂರನೆಯ ದಿನ ಮೂಲೆಯನ್ನು ಬಿಟ್ಟು ಕಮಾನಿನಡಿಗೆ ಈಜಿಹೋಯಿತೆಂದು ಹುಡುಗಿ ಫೋನು ಮಾಡಿ ತಿಳಿಸಿದಳು. ಜೊತೆಗಾರನನ್ನು ತರುವ ಮುನ್ನ ಅಮೋನಿಯಾ, ನೈಟ್ರೈಟುಗಳ ಪರೀಕ್ಷೆ ನಾಲ್ಕು ವಾರ ಸತತವಾಗಿ ಸೊನ್ನೆ ತೋರಿಸಬೇಕೆಂದು ಕರಾರು ಮಾಡಿದ್ದೇವೆ. ಎರಡು ವಾರ ಆಗಿದೆ. ಪ್ರತಿ ಭಾನುವಾರ ಅವಳು ದಾರದ ಕಡ್ಡಿ ಹಿಡಿದು ಕಾಗದದ ಮೇಲೆ ಗೆರೆ ಸೊನ್ನೆಗಳನ್ನು ಬರೆಯುತ್ತಾಳೆ. ಕಳೆದ ವಾರದ ಹಾಳೆಯಲ್ಲಿ ಎಡಬದಿಯ ಕೆಳಮೂಲೆಯಲ್ಲಿ ಇನ್ನೂ ಒಂದು ಸೊನ್ನೆ ಇದೆ.